ಆರಾದ ಮೇಲೆ ಏಳು

ನಮ್ಮ ಮನೆಯ ಹಿತ್ತಲ ಬಾಗಿಲ ಬಳಿ ಮೊಣಕಾಲೆತ್ತರಕ್ಕೂ ಬಾರದ ಒಂದು ಮರದ ಸ್ಟೂಲಿದೆ. ಹಳೆಯ ಬಾಗಿಲನ್ನು ಬದಲಾಯಿಸಿದಾಗ ಉಳಿದ ತುಂಡುಗಳಿಂದ ಬಡಗಿ ಪುಕ್ಕಟೆಯಾಗಿ ಮಾಡಿಕೊಟ್ಟದ್ದು. ಪುಕ್ಕಟೆಯಾದ್ದರಿಂದ ಮೂರು ಕಾಲುಗಳು ಒಂದಳತೆ, ನಾಲ್ಕನೆಯದು ತನ್ನದೇ ಅಳತೆ. ಬೆಳಗಿನ ಕಾಫಿ ಲೋಟ ಹಿಡಿದು ಅದರ ಮೇಲೆ ಕುಳಿತು, ಕುಂಡದ ದೊಡ್ಡಪತ್ರೆಗೂ ಮಲ್ಲಿಗೆ ಬಳ್ಳಿಗೂ ನೀರು ಹಾಕಿ, ಒಣಗಿದ ಎಲೆ ಕಿತ್ತು, ಪಕ್ಕದ ಮನೆಯ ಗೋಡೆಯ ಮೇಲಿನ ಬೆಕ್ಕಿನೊಡನೆ ಒಂದಿಷ್ಟು ದೃಷ್ಟಿಯುದ್ಧ ನಡೆಸಿ ದಿನವನ್ನು ಆರಂಭಿಸುವುದು ನನ್ನ ವಾಡಿಕೆ. ಕೂರುವುದಕ್ಕೆ ಯಾವ ವಿದ್ಯೆಯೂ ಬೇಕಿಲ್ಲ; ಭೂಮಿಯೇ ಕೈಹಿಡಿದು ಕೂರಿಸಿಕೊಳ್ಳುತ್ತದೆ. ಏಳುವುದು ಮಾತ್ರ ಒಂದು ದೊಡ್ಡ ಕಾರ್ಯಕ್ರಮ. ಮೊದಲು ಲೋಟವನ್ನು ಸುರಕ್ಷಿತವಾದ ಜಾಗದಲ್ಲಿಡಬೇಕು, ಬಾಗಿಲ ಚೌಕಟ್ಟನ್ನು ಹಿಡಿಯಬೇಕು, ಬಲ ಮೊಣಕಾಲಿನತ್ತ ಒಮ್ಮೆ ದೈನ್ಯದಿಂದ ನೋಡಬೇಕು, ಮನೆದೇವರ ಹೆಸರನ್ನು ಅರ್ಧ ಹೇಳಿ ಉಳಿದರ್ಧವನ್ನು ನೋವಿಗೆ ಬಿಟ್ಟುಕೊಡಬೇಕು. ಆಗ ಮಂಡಿಯಿಂದ ಹಪ್ಪಳ ಮುರಿದಂಥ ಸದ್ದು ಬರುತ್ತದೆ. ಅದನ್ನು ಕೇಳಿಸಿಕೊಂಡ ನನ್ನ ಹೆಂಡತಿ ಅಡುಗೆಮನೆಯಿಂದಲೇ "ಎದ್ರಾ?" ಎನ್ನುತ್ತಾಳೆ. ಎದ್ದೆ ಎನ್ನುತ್ತೇನೆ. ನಮ್ಮಿಬ್ಬರ ನಡುವೆ ವರ್ಷಗಳಿಂದ ತಪ್ಪದೆ ನಡೆದುಬಂದ ಸಂಭಾಷಣೆ ಇದೊಂದೇ ಇರಬೇಕು.

ಈ ಮೊಣಕಾಲಿನ ದೆಸೆಯಿಂದಲೇ ನನಗೆ ವಸ್ತಾದ್ ಸುಬ್ಬಣ್ಣನವರ ಸ್ನೇಹ ದೊರೆತದ್ದು. ಗರಡಿಯಲ್ಲಿ ಕುಸ್ತಿ ಕಲಿಸುವ ಗುರುವನ್ನು ನಮ್ಮೂರಿನಲ್ಲಿ ವಸ್ತಾದ್ ಎನ್ನುತ್ತಾರೆ. ಅಗ್ರಹಾರದಲ್ಲಿ ನಮ್ಮ ಬೀದಿಯ ಹಿಂದಿನ ಓಣಿ ತಿರುಗಿದರೆ ಅವರ ಮನೆ. ಮನೆಗೆ ಅಂಟಿಕೊಂಡೇ ಗರಡಿ. ಗರಡಿಯ ಬಾಗಿಲು ಎಷ್ಟು ಗಿಡ್ಡವೆಂದರೆ ಎಂಥ ಬಲಶಾಲಿಯೂ ತಲೆತಗ್ಗಿಸದೆ ಒಳಗೆ ಹೋಗಲಾರ. ಒಳಗೆ ಅರೆಗತ್ತಲು, ಗೋಡೆಯಲ್ಲಿ ಆಂಜನೇಯನ ಪಟ, ನೆಲದಲ್ಲಿ ಎಣ್ಣೆಯನ್ನೂ ಅರಿಸಿನವನ್ನೂ ಮಜ್ಜಿಗೆಯನ್ನೂ ಕುಡಿದು ಕುಡಿದು ಮೆತ್ತಗಾದ ಕೆಮ್ಮಣ್ಣು. ವಸ್ತಾದರಿಗೆ ಎಂಬತ್ತರ ಹತ್ತಿರ. ಕಿವಿಗಳು ಕುಸ್ತಿಯಲ್ಲಿ ನಜ್ಜುಗುಜ್ಜಾಗಿ ಮಡಚಿಕೊಂಡಿವೆ, ಬೆರಳುಗಳು ಮಾತ್ರ ಇಂದಿಗೂ ನರಗಳನ್ನು ಹೆಸರು ಹಿಡಿದು ಕರೆಯಬಲ್ಲವು. ಉಳುಕು, ಕೀಲುನೋವು ಎಂದು ಸುತ್ತಲಿನವರೆಲ್ಲ ಅವರ ಬಳಿಗೇ ಹೋಗುವುದು.

ಮೊದಲ ದಿನ ನಾನು ಹೋಗಿ ಜಗಲಿಯ ಮೇಲೆ ಕುಳಿತೊಡನೆ ಅವರು, "ಏಳಿ ಮೇಷ್ಟ್ರೇ" ಎಂದರು. ಕುಳಿತದ್ದೇ ತಪ್ಪಾಯಿತೇನೋ ಎಂದುಕೊಂಡು, ಕಂಬ ಹಿಡಿದು, ಮನೆದೇವರನ್ನು ಅರ್ಧ ಕರೆದು ಎದ್ದು ನಿಂತೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕ್ ಎದ್ರಿ? ಏನ್ ತೊಂದ್ರೆ ಅಂತ ಏಳಿ ಅಂದೆ" ಎಂದರು. ಆಗ ಹೊಳೆಯಿತು. ವಸ್ತಾದರ ಬಾಯಲ್ಲಿ ಹಕಾರಕ್ಕೆ ಜಾಗವಿಲ್ಲ. ಹೋಗು ಎಂಬುದು ಓಗು, ಹೇಗೆ ಎಂಬುದು ಎಂಗೆ, ಹೇಳು ಎಂಬುದು ಏಳು. ಮತ್ತೆ ಕೂರುವುದೋ ಬೇಡವೋ ತಿಳಿಯದೆ ನಾನು ಅರ್ಧ ಬಗ್ಗಿ ನಿಂತಿದ್ದೆ. ಅವರ ಮೊಮ್ಮಗಳು ರಂಜು ಒಳಬಾಗಿಲಲ್ಲಿ ನಿಂತು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

ನಾನು ಮೇಷ್ಟರೂ ಅಲ್ಲ. ಒಂದು ಪತ್ರಿಕೆಯ ಅಚ್ಚುಮನೆಯಲ್ಲಿ ಆಯುಷ್ಯವೆಲ್ಲ ಕರಡು ತಿದ್ದಿದವನು. ಅಕಾರ ಹಕಾರಗಳ ಗಡಿಯಲ್ಲಿ ಕಾವಲು ಕುಳಿತು, ತಪ್ಪಿಸಿಕೊಂಡ ಹಕಾರಗಳನ್ನೆಲ್ಲ ಹಿಡಿದು ತಂದು ಕೂರಿಸಿದವನಿಗೆ ವಸ್ತಾದರ ಗೆಳೆತನ ಒದಗಿದ್ದು ವಿಧಿಯ ಹಾಸ್ಯವೇ ಸರಿ. "ನಾನು ಬರೀ ತಪ್ಪು ತಿದ್ದುತ್ತಿದ್ದೆ" ಎಂದು ವಿವರಿಸಿದೆ. "ತಪ್ಪು ತಿದ್ದೋರ್ನ ಮತ್ತೇನಂತಾರೆ?" ಎಂದರು. ಅಂದಿನಿಂದ ಆ ಓಣಿಗೆಲ್ಲ ನಾನು ಮೇಷ್ಟರು.

ಆ ಕಸುಬು ನನಗೆ ಒಂದು ಚಟವನ್ನು ಅಂಟಿಸಿತ್ತು. ಕರಡು ತಿದ್ದುವವನು ನಾಳೆಯ ಸುದ್ದಿಯನ್ನು ಇಂದೇ ಓದುತ್ತಾನಲ್ಲ, ಅದರಿಂದ ನಾಳೆ ಎಂಬುದು ತನ್ನ ಸ್ವಂತದ್ದೆಂಬ ಭ್ರಮೆ ಬರುತ್ತದೆ. ಮಳೆ ಬರುತ್ತದೋ ಇಲ್ಲವೋ, ಎದುರು ಮನೆಯ ಹುಡುಗಿಗೆ ಆ ಸಂಬಂಧ ಕೂಡಿಬರುತ್ತದೋ ಇಲ್ಲವೋ, ಚುನಾವಣೆಯಲ್ಲಿ ಯಾರು ಮಣ್ಣುಮುಕ್ಕುತ್ತಾರೆ, ಎಲ್ಲವನ್ನೂ ಮುಂಚಿತವಾಗಿ ಹೇಳಿ ಡೈರಿಯ ಹಿಂದಿನ ಪುಟದಲ್ಲಿ ಬರೆದಿಡುವುದು ನನ್ನ ಅಭ್ಯಾಸ. ತಪ್ಪಾದರೆ ಆ ಪುಟವನ್ನು ಯಾರಿಗೂ ತೋರಿಸುವುದಿಲ್ಲ. ಭವಿಷ್ಯದ ಬೆಲೆ ಎಷ್ಟೆಂಬುದು ನನಗೆ ಚೆನ್ನಾಗಿ ಗೊತ್ತಿರಬೇಕಿತ್ತು. ಒಮ್ಮೆ ನಮ್ಮ ಪತ್ರಿಕೆಯ ದಿನಭವಿಷ್ಯದ ಅಂಕಣದಲ್ಲಿ ಕುಂಭರಾಶಿಯ ಫಲ ಮೀನಕ್ಕೂ ಮೀನದ್ದು ಕುಂಭಕ್ಕೂ ಅಚ್ಚಾಗಿಬಿಟ್ಟಿತ್ತು. ನನ್ನ ಕಣ್ಣು ತಪ್ಪಿಸಿದ್ದ ಆ ಪ್ರಮಾದಕ್ಕಾಗಿ ಮರುದಿನ ಬೈಗುಳದ ಮಳೆಯನ್ನೇ ನಿರೀಕ್ಷಿಸಿಕೊಂಡು ಹೋದೆ. ಒಬ್ಬರೂ ದೂರಲಿಲ್ಲ. ಕುಂಭರಾಶಿಯ ಒಬ್ಬ ಮಹನೀಯರಂತೂ, ಹೇಳಿದ ಹಾಗೆಯೇ ಆಯಿತೆಂದು ಕೃತಜ್ಞತೆಯ ಪತ್ರ ಬರೆದಿದ್ದರು. ಇಷ್ಟಾದರೂ ನನ್ನ ಚಟ ಬಿಡಲಿಲ್ಲ.

ಈಗ ರಂಜುವಿನ ವಿಷಯ ಹೇಳಬೇಕು. ಹತ್ತೊಂಬತ್ತು ವರ್ಷದ ಹುಡುಗಿ, ಬಿ.ಕಾಂ. ಓದುತ್ತಿದ್ದಾಳೆ. ಅವಳ ಅಪ್ಪನಿಗೆ ಮಾರ್ಕೆಟ್ಟಿನಲ್ಲಿ ಹೂವಿನ ಅಂಗಡಿ. ಅವನು ಗರಡಿಯತ್ತ ತಲೆಹಾಕಿದವನಲ್ಲ. ತಾತನ ಮೈಕಟ್ಟು ಒಂದು ತಲೆಮಾರನ್ನು ದಾಟಿ ಮೊಮ್ಮಗಳಲ್ಲಿ ಬಂದು ಕೂತಿದೆ. ಗರಡಿಯ ಮಣ್ಣಿಗೆ ಹೆಣ್ಣುಮಕ್ಕಳು ಇಳಿಯುವ ರೂಢಿ ಇಲ್ಲವಾದರೂ, ಅದರ ಅಂಚಿನಲ್ಲಿ ನಿಲ್ಲಿಸಿ ಚಿಕ್ಕಂದಿನಿಂದ ಅವಳಿಗೆ ಬಸ್ಕಿ ಹೊಡೆಸಿದವರು ವಸ್ತಾದರೇ. ಒಂದು, ಎರಡು, ಮೂರು ಎಂದು ಎಣಿಸುತ್ತ ಬಸ್ಕಿ ಹೊಡೆಯುವುದರಲ್ಲೇ ಅವಳು ಅಂಕಿಗಳನ್ನು ಕಲಿತದ್ದು. ಮುಂದೆ ಕಾಲೇಜು ಸೇರಿದ ಮೇಲೆ ಬಾಕ್ಸಿಂಗ್ ಹಿಡಿದಳು. ವಸ್ತಾದರು ಬೇಡವೆನ್ನಲಿಲ್ಲ. "ಕೈಗೆ ದಿಂಬು ಕಟ್ಕೊಂಡು ಒಡೆದಾಡೋದು ಎಂಥ ಆಟ" ಎಂದು ಗೊಣಗಿದರೂ, ಮೊದಲ ಪಂದ್ಯಕ್ಕೆ ಹೊರಟ ದಿನ ಗರಡಿಯ ಕೆಮ್ಮಣ್ಣನ್ನು ಚಿಟಿಕೆಯಷ್ಟು ತೆಗೆದು ಅವಳ ಹಣೆಗಿಟ್ಟರು. ಆ ಗರಡಿಯಿಂದ ಯಾರೇ ಪಂದ್ಯಕ್ಕೆ ಹೊರಟರೂ ವಸ್ತಾದರ ಕೈಯಿಂದ ಮಣ್ಣು ಇಡಿಸಿಕೊಂಡೇ ಹೊರಡಬೇಕು. ಅದಿಲ್ಲದೆ ಹೊಸಿಲು ದಾಟಿದವರಿಲ್ಲ.

ಆ ಮೊದಲ ಪಂದ್ಯವನ್ನು ನೋಡಲು ತಾತನೂ ಹೋಗಿದ್ದರು. ಎರಡನೆಯ ಸುತ್ತಿನಲ್ಲಿ ರಂಜುವಿನ ದವಡೆಗೆ ಪೆಟ್ಟು ಬಿತ್ತು, ಅವಳು ಅಂಗಾತ ಬಿದ್ದಳು. ವಸ್ತಾದರು ಕೊಡೆ ತೆಗೆದುಕೊಂಡು ಎದ್ದು, ಹಿಂದಿರುಗಿ ನೋಡದೆ, ಸೀದಾ ಬಸ್‌ಸ್ಟಾಂಡಿಗೆ ನಡೆದುಬಿಟ್ಟರು. ಸಂಜೆ ರಂಜು ಮನೆಗೆ ಬಂದಾಗ ಅವರು ಹೇಳಿದ್ದು ಒಂದೇ ಮಾತು: "ಬೆನ್ನು ನೆಲ ಕಂಡ್ತು. ಮುಗೀತು, ಬುಡು." ಅವಳು ತಾನು ಎದ್ದೆನೆಂದೂ ಕೊನೆಯ ಗಂಟೆಯವರೆಗೂ ಆಡಿ ಅಂಕಗಳ ಮೇಲೆ ಸೋತೆನೆಂದೂ ಹೇಳಿದಳು. ಅವರು ಕೇಳಿಸಿಕೊಳ್ಳಲಿಲ್ಲ.

ಇದರಲ್ಲಿ ಕ್ರೌರ್ಯವಿತ್ತೆಂದು ಭಾವಿಸಬೇಡಿ. ಕುಸ್ತಿಯ ಧರ್ಮವೇ ಅದು. ಎರಡು ಭುಜಗಳು ನೆಲಕ್ಕೆ ತಾಗಿದರೆ ಚಿತ್. ಆಮೇಲೆ ಬ್ರಹ್ಮನೇ ಬಂದರೂ ಪಂದ್ಯ ಮುಗಿದಂತೆ. ನಮ್ಮೂರಿನ ಕಾಳಗಗಳ ಕಾನೂನೆಲ್ಲ ಹೀಗೇ ಗಡುಸು. ವಿಜಯದಶಮಿಯ ದಿನ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಬೋಳುತಲೆಯ ಮೇಲೆ ಒಂದು ಹನಿ ರಕ್ತ ಕಂಡರೆ ಸಾಕು, ಜಟ್ಟಿಗಳನ್ನು ಬಿಡಿಸಿಬಿಡುತ್ತಾರೆ. ವರ್ಷವಿಡೀ ಮಾಡಿದ ಸಾಧನೆ ನಿಮಿಷದೊಳಗೆ ತೀರಿಹೋಗುತ್ತದೆ. ವಸ್ತಾದರ ಪಾಡೂ ಅದೇ. ಪ್ರಾಯದಲ್ಲಿ ಒಂದು ದಸರೆಯ ಕುಸ್ತಿಯಲ್ಲಿ, ಬೆಳಗಾವಿ ಕಡೆಯ ಪೈಲ್ವಾನನೊಬ್ಬನೊಡನೆ ಬಹಳ ಹೊತ್ತು ಸರಿಸಮನಾಗಿ ಹೋರಾಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಅವರ ಬೆನ್ನು ನೆಲ ಮುಟ್ಟಿತು. "ಎಡಭುಜ ತಾಗ್ತು, ಒಪ್ಕೋತೀನಿ. ಬಲಭುಜ ತಾಗ್ತೋ ಇಲ್ವೋ ನಂಗೇ ಇವತ್ತಿಗೂ ಗೊತ್ತಿಲ್ಲ ಮೇಷ್ಟ್ರೇ" ಎಂದು ನನ್ನ ಮಂಡಿ ತಿಕ್ಕುತ್ತ ಒಮ್ಮೆ ಹೇಳಿದ್ದರು. ಸೀಟಿ ಊದಿಯಾಗಿತ್ತು. ಮನೆಗೆ ಬಂದು ಮೈಯ ಮಣ್ಣು ತೊಳೆದುಕೊಂಡವರು ಮತ್ತೆಂದೂ ಪಂದ್ಯಕ್ಕಿಳಿಯಲಿಲ್ಲ. ಇತರರಿಗೆ ಕಲಿಸುತ್ತ ಉಳಿದರು.

ಇತ್ತೀಚೆಗೆ ಹಾಸನದಲ್ಲಿ ರಾಜ್ಯಮಟ್ಟದ ಆಯ್ಕೆ ನಡೆಯುವುದೆಂದು ಗೊತ್ತಾದಾಗ ರಂಜು ತಾತನ ಮುಂದೆ ನಿಂತು, ಮಣ್ಣು ಇಡಬೇಕೆಂದು ಕೇಳಿದಳು. ಅವರು ಟವಲು ಕೊಡವಿಕೊಂಡು ಗರಡಿಯೊಳಗೆ ಹೋಗಿಬಿಟ್ಟರು. ಕಾಯಿದೆಯ ಪ್ರಕಾರ ಅವಳು ಯಾರನ್ನೂ ಕೇಳಬೇಕಾದ್ದಿಲ್ಲ. ಬಸ್ಸು ಹತ್ತಿ ಹೋಗಬಹುದಿತ್ತು. ಆದರೆ ಆ ಚಿಟಿಕೆ ಮಣ್ಣಿಲ್ಲದೆ ಹೋಗಲು ಅವಳ ಮನಸ್ಸು ಒಪ್ಪದು. ಎರಡು ವಾರ ಮನೆಯಲ್ಲಿ ಉಸಿರುಕಟ್ಟುವ ಮೌನ. ನಾನು ಎಣ್ಣೆ ಹಚ್ಚಿಸಿಕೊಳ್ಳಲು ಹೋದ ಒಂದು ಸಂಜೆ ಅವಳೇ ಮೌನ ಮುರಿದಳು. "ತಾತ, ಭಾನುವಾರ ಹೆವಿವೆಯ್ಟ್ ಪಟ್ಟದ ಕಾಳಗ ಇದೆ. ಯಾರು ಗೆಲ್ತಾರೆ ಅಂತ ನೀನೊಂದು ಹೇಳು, ನಾನೊಂದು ಹೇಳ್ತೀನಿ. ನಿನ್ನ ಮಾತು ನಿಜ ಆದ್ರೆ ನಾನು ಗ್ಲೌಸ್ ಎತ್ತಿಟ್ಟುಬಿಡ್ತೀನಿ. ನನ್ನ ಮಾತು ನಿಜ ಆದ್ರೆ ನೀನು ಮಣ್ಣು ಇಡ್ಬೇಕು. ಅಂಕಲ್ ಸಾಕ್ಷಿ."

ವಸ್ತಾದರು ನನ್ನ ಮಂಡಿಯನ್ನು ಅರ್ಧಕ್ಕೇ ಬಿಟ್ಟು ಕೈ ಒರೆಸಿಕೊಂಡರು. "ತೋರ್ಸು, ಯಾರವರು" ಎಂದರು.

ಅವಳು ಮೊಬೈಲಿನಲ್ಲಿ ಇಬ್ಬರ ಹಿಂದಿನ ಪಂದ್ಯಗಳನ್ನೂ ತೋರಿಸಿದಳು. ಆ ಹೆಸರುಗಳಿಗೆ ನಮ್ಮ ನಾಲಿಗೆ ಹೊರಳಲಿಲ್ಲ. ಆದ್ದರಿಂದ ಒಬ್ಬ ಪಟ್ಟದವನಾದ, ಇನ್ನೊಬ್ಬ ಸವಾಲಿನವನಾದ. ಪಟ್ಟದವನು ತೆಂಗಿನಮರದೆತ್ತರದ ಆಳು, ಅವನ ಎಡಗೈ ಎದುರಾಳಿಯನ್ನು ಹತ್ತಿರಕ್ಕೇ ಬಿಡುವುದಿಲ್ಲ. ಸವಾಲಿನವನು ಅವನಿಗಿಂತ ಗಿಡ್ಡ, ಕುತ್ತಿಗೆಯೇ ಇಲ್ಲದೆ ತಲೆಯನ್ನು ನೇರ ಭುಜದ ಮೇಲಿಟ್ಟಂತಿದ್ದ. ರಂಜು ತೋಳುಗಳ ಉದ್ದವನ್ನೂ ಹಿಂದಿನ ಗೆಲುವುಗಳನ್ನೂ ವಿವರಿಸಿ, ಪಟ್ಟದವನೇ ಗೆಲ್ಲುತ್ತಾನೆ ಎಂದಳು. ವಸ್ತಾದರು ಹೊಡೆತಗಳನ್ನು ನೋಡಲೇ ಇಲ್ಲ. ಸುತ್ತು ಮುಗಿದು ಗಂಟೆ ಬಾರಿಸಿದಾಗ ಮೂಲೆಯಲ್ಲಿ ಒಂದು ಪುಟ್ಟ ಸ್ಟೂಲು ಹಾಕಿ ಒಂದು ನಿಮಿಷ ಕೂರಿಸುತ್ತಾರಲ್ಲ, ಅದನ್ನು ಮತ್ತೆ ಮತ್ತೆ ತೋರಿಸಲು ಹೇಳಿದರು. ಕೊನೆಗೆ, "ಈ ಕುಳ್ಳ ಗೆಲ್ತಾನೆ" ಎಂದರು. "ಗಂಟೆ ಒಡೆಯೋಕ್ಮುಂಚೇನೇ ಎದ್ದು ನಿಂತಿರ್ತಾನೆ. ಆ ಉದ್ದುಕಿರೋನು ಗಂಟೆ ಒಡೆದ್ಮೇಲೆ ಏಳ್ತಾನೆ. ಕೂರೋದ್ರಲ್ಲಿ ಏನೂ ತಿಳಿಯಲ್ಲ ಮೇಷ್ಟ್ರೇ, ಏಳೋದ್ರಲ್ಲಿ ತಿಳೀತದೆ."

ನಾನು ಏಳುವುದನ್ನು ಈ ಮನುಷ್ಯ ಎಷ್ಟು ಸಲ ನೋಡಿದ್ದಾರೆ ಎಂಬುದು ನೆನಪಾಗಿ, ಮುಖ ತಗ್ಗಿಸಿ ಡೈರಿ ತೆಗೆದೆ. ಇಬ್ಬರ ಮಾತನ್ನೂ ಬರೆದುಕೊಂಡೆ. ಮನೆಗೆ ಬಂದು, ಚಟ ತಡೆಯಲಾರದೆ, ಅದರ ಕೆಳಗೆ ನನ್ನವೂ ಎರಡು ಸಾಲು ಸೇರಿಸಿದೆ: ಪಟ್ಟದವನು ಗೆಲ್ಲುತ್ತಾನೆ, ಗೆದ್ದರೂ ವಸ್ತಾದರು ಮಣ್ಣು ಇಡುವುದಿಲ್ಲ.

ಅಲ್ಲಿ ಶನಿವಾರದ ರಾತ್ರಿ, ಇಲ್ಲಿ ಭಾನುವಾರದ ಬೆಳಿಗ್ಗೆ. ನಾನು ಹೋದಾಗ ಒಳಗಿನಿಂದ ಉಪ್ಪಿಟ್ಟಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ರಂಜುವಿನ ತಾಯಿ ಭಾಗ್ಯ ನನಗೊಂದು ತಟ್ಟೆ ಕೊಟ್ಟು, "ನಂಗೆ ಅದ್ನೆಲ್ಲ ನೋಡಕ್ಕಾಗಲ್ಲ" ಎಂದು ಅಡುಗೆಮನೆ ಸೇರಿದವಳು ಬಾಗಿಲನ್ನು ಮಾತ್ರ ಪೂರ್ತಿ ಮುಚ್ಚಲಿಲ್ಲ. ರಂಜು ಟೀವಿಯ ಪಕ್ಕದಲ್ಲಿ ನಿಂತೇ ಇದ್ದಳು. ಇಂಗ್ಲಿಷಿನ ವಿವರಣೆ ಶುರುವಾದೊಡನೆ ವಸ್ತಾದರು, "ಆ ಬಡಬಡಿಕೆ ನಿಲ್ಸವ್ವ, ಕಣ್ಣಿಗೆ ಅಡ್ಡ ಬತ್ತದೆ" ಎಂದರು. ಅವಳು ಟೀವಿಯ ಧ್ವನಿ ನಿಲ್ಲಿಸಿದಳು. ಹೀಗೆ ಭೂಮಂಡಲವೆಲ್ಲ ಕೂಗಾಡುತ್ತ ನೋಡುತ್ತಿದ್ದ ಕಾಳಗವನ್ನು ನಾವು ಮೂವರು ನಿಶ್ಶಬ್ದವಾಗಿ ನೋಡಿದೆವು.

ಮಿತ್ರರೇ, ನಾನು ಯುದ್ಧಪ್ರಿಯನಲ್ಲ. ಸೊಳ್ಳೆ ಹೊಡೆಯುವಾಗಲೂ ಎರಡು ಸಲ ಯೋಚಿಸುವವನು. ಆದರೆ ಆ ಬೆಳಿಗ್ಗೆ ಆ ಇಬ್ಬರು ಒಬ್ಬರನ್ನೊಬ್ಬರು ಸುತ್ತತೊಡಗಿದಾಗ ನನ್ನ ಕೈಯ ಉಪ್ಪಿಟ್ಟು ಕೈಯಲ್ಲೇ ಉಳಿಯಿತು. ಮನುಷ್ಯದೇಹ ಅಷ್ಟು ದೊಡ್ಡದಾಗಬಲ್ಲದೆಂದಾಗಲಿ, ಅಷ್ಟು ದೊಡ್ಡದಾಗಿಯೂ ಅಷ್ಟು ಹಗುರವಾಗಿ ಹೆಜ್ಜೆಯಿಡಬಲ್ಲದೆಂದಾಗಲಿ ನಾನು ಎಣಿಸಿರಲಿಲ್ಲ. ಪೆಟ್ಟು ಬಿದ್ದಾಗ ದೀಪದ ಬೆಳಕಿನಲ್ಲಿ ಬೆವರು ಚಿಮ್ಮಿ ಒಂದು ಕ್ಷಣ ಗಾಳಿಯಲ್ಲೇ ನಿಲ್ಲುತ್ತಿತ್ತು. ಸದ್ದಿಲ್ಲದ್ದರಿಂದ ಕ್ರೌರ್ಯವೆಲ್ಲ ಸೋಸಿಹೋಗಿ, ಬಲ ಮತ್ತು ಸಹನೆಗಳ ಪ್ರಾಚೀನವಾದ ಯಾವುದೋ ಆರಾಧನೆ ನಡೆಯುತ್ತಿದೆಯೆಂಬಂತೆ ತೋರಿತು. ಪಟ್ಟ ಎಂಬ ಪದವನ್ನು ನಾನು ಸಾವಿರ ಸಲ ತಿದ್ದಿದ್ದೇನೆ. ಕುಸ್ತಿಯವರ ಪಟ್ಟು ಅದರ ನೆಂಟ. ಕೈಗೆ ಸುತ್ತಿಕೊಳ್ಳುವ ಪಟ್ಟಿಯೂ ಹತ್ತಿರದ್ದೇ. ಪಾಡುಪಟ್ಟ, ಕಷ್ಟಪಟ್ಟ ಎಂಬಲ್ಲಿಯೂ ಅದೇ ಅಕ್ಷರಗಳು. ಇವೆಲ್ಲ ಒಂದೇ ಮನೆಯವೆಂದು ವ್ಯಾಕರಣ ಒಪ್ಪದಿದ್ದರೂ, ಆ ಉದ್ದನೆಯ ಮನುಷ್ಯನ ಊದಿಕೊಂಡ ಕಣ್ಣನ್ನು ನೋಡುತ್ತಿದ್ದಾಗ ನಾನು ಒಪ್ಪಿದೆ.

ಮೊದಲ ನಾಲ್ಕು ಸುತ್ತು ಪಟ್ಟದವನ ಎಡಗೈ ಆಳಿತು. ಆಮೇಲೆ ಕುಳ್ಳ ಆ ಕೈಯ ಕೆಳಗೆ ನುಸುಳಿ ಪಕ್ಕೆಗೆ ಹೊಡೆಯತೊಡಗಿದ. ಪ್ರತಿ ಸುತ್ತಿನ ಕೊನೆಗೂ ವಸ್ತಾದರು ಸ್ಟೂಲನ್ನು ನೋಡುತ್ತಿದ್ದರು, ನಾನು ವಸ್ತಾದರನ್ನು. ಕುಳ್ಳ ಗಂಟೆಗೆ ಮುಂಚೆಯೇ ಎದ್ದು ನಿಲ್ಲುತ್ತಿದ್ದ. ಪಟ್ಟದವನು ಏಳುವುದು ಒಂದೊಂದು ಸುತ್ತಿಗೂ ಒಂದಿಷ್ಟು ತಡವಾಗುತ್ತಿತ್ತು. ಎಂಟನೆಯ ಸುತ್ತಿಗೆ ಅವನು ಹಗ್ಗ ಹಿಡಿದು ಎದ್ದ. ಹಿತ್ತಲ ಬಾಗಿಲ ಚೌಕಟ್ಟನ್ನು ಹಿಡಿಯುವ ನನ್ನ ಕೈಗೆ ಅವನ ಕೈಯ ಗುರುತು ಹತ್ತಿತು.

ಒಂಬತ್ತನೆಯ ಸುತ್ತಿನಲ್ಲಿ ಆಗಿಹೋಯಿತು. ಕುಳ್ಳನ ಬಲಗೈ ಎಲ್ಲಿಂದ ಬಂತೋ ಕಾಣಲಿಲ್ಲ. ಪಟ್ಟದವನ ಕಾಲುಗಳು ಅವನನ್ನು ಮರೆತವು. ಅಷ್ಟುದ್ದದ ದೇಹ ಹಿಂದಕ್ಕೆ ವಾಲಿ, ಅಂಗಾತ ಬಿತ್ತು. ಎರಡು ಭುಜಗಳೂ ನೆಲ ಮುಟ್ಟಿದ್ದು ಸ್ಪಷ್ಟವಾಗಿ ಕಂಡಿತು, ಎಡವೂ, ಬಲವೂ.

"ಚಿತ್" ಎಂದರು ವಸ್ತಾದರು, ತೀರ ಮೆಲ್ಲಗೆ. "ಮುಗೀತು." ಹೆಗಲ ಮೇಲಿನ ಟವಲನ್ನು ಸರಿಪಡಿಸಿಕೊಂಡು ಎದ್ದರು. ಗೆದ್ದ ಹಿಗ್ಗು ಆ ಮುಖದಲ್ಲಿ ಇರಲಿಲ್ಲ. ಪಂದ್ಯ ಮುಗಿದ ಮೇಲೆ ಕೂತಿರುವುದು ಸೋತವನಿಗೆ ಮಾಡುವ ಅವಮಾನ ಎಂಬ ಗರಡಿಯ ಸಂಕೋಚವೊಂದೇ ಇತ್ತು. ಗರಡಿಗೆ ಹೋಗುವ ಆ ಗಿಡ್ಡ ಬಾಗಿಲ ಬಳಿ ಹೋಗಿ, ಮೇಲಿನ ಮರದ ಮೇಲೆ ಕೈಯಿಟ್ಟು ತಲೆ ಬಗ್ಗಿಸಿದರು.

ಆಗ ರಂಜು ಎಣಿಸತೊಡಗಿದಳು.

ಬಾಕ್ಸಿಂಗಿನಲ್ಲಿ ಬಿದ್ದವನಿಗೆ ಹತ್ತು ಎಣಿಸುವಷ್ಟು ಗಡುವಿದೆ; ಟೀವಿಯಲ್ಲಿ ರೆಫರಿ ಅವನ ಮೇಲೆ ಬಾಗಿ ಬೆರಳುಗಳನ್ನು ತೋರಿಸುತ್ತಿದ್ದ. ಆ ಬೆರಳುಗಳಿಗೆ ಇವಳು ದನಿ ಕೊಟ್ಟಳು. ತಾತ ಬಸ್ಕಿ ಹೊಡೆಸಿ ಕಲಿಸಿದ ಅದೇ ರಾಗದಲ್ಲಿ: "ಒಂದು. ಎರಡು. ಮೂರು." ವಸ್ತಾದರ ಬೆನ್ನು ಬಾಗಿಲಲ್ಲಿ ನಿಂತಿತು. "ನಾಲ್ಕು. ಐದು." ಬಿದ್ದವನು ತಲೆಯನ್ನು ಹೊರಳಿಸಿದ. "ಆರು." ಅವನು ಮಗ್ಗುಲಾಗಿ ಒಂದು ಮೊಣಕಾಲೂರಿದ.

"ಏಳು" ಎಂದಳು ರಂಜು.

ಕನ್ನಡದ ಅಕ್ಷರಗಳೊಡನೆ ಇಷ್ಟು ಕಾಲ ಬಾಳಿದವನು ನಾನು. ಆ ಎರಡಕ್ಷರವನ್ನು ಅಂದು ಮೊದಲ ಬಾರಿಗೆ ಕೇಳಿದೆ. ಅದು ಎಣಿಕೆಯೋ, ಅಪ್ಪಣೆಯೋ, ಬೇಡಿಕೆಯೋ ಅವಳಿಗೂ ತಿಳಿದಿರಲಿಕ್ಕಿಲ್ಲ. ನಮ್ಮ ಭಾಷೆಯಲ್ಲಿ ಹತ್ತರವರೆಗೆ ಎಣಿಸುತ್ತ ಹೋದರೆ, ಆರಾದ ಮೇಲೆ, ಎಣಿಸುವವನು ಬಯಸಲಿ ಬಿಡಲಿ, ಬಿದ್ದವನಿಗೆ ಏಳು ಎಂದು ಹೇಳಿಯೇ ಮುಂದೆ ಹೋಗಬೇಕು. ಯಾವ ಪೂರ್ವಿಕರು ಅಂಕಿಗಳ ನಡುವೆ ಈ ಕರುಣೆಯನ್ನು ಹುದುಗಿಸಿಟ್ಟು ಹೋದರೋ, ಅಥವಾ ಯಾರೂ ಇಡದೆ ಅದು ತಾನಾಗಿ ಬಂದು ಸೇರಿತೋ, ನನಗೆ ತಿಳಿಯದು.

ಆ ಮನುಷ್ಯ ಎದ್ದ. ಸಾವಿರಾರು ಮೈಲಿ ಆಚೆಗಿನ, ನಮ್ಮ ನುಡಿಯ ಗಂಧವೂ ಇಲ್ಲದ ಆ ದೊಡ್ಡ ಮನುಷ್ಯ, ರಂಜು ಏಳು ಎಂದದ್ದಕ್ಕೇ ಎಂಬಂತೆ ಹಗ್ಗ ಹಿಡಿಯದೆ ಎದ್ದು ನಿಂತ. ರೆಫರಿ ಎಂಟನೆಯ ಬೆರಳನ್ನೂ ತೋರಿಸಿ, ಅವನ ಗ್ಲೌಸುಗಳನ್ನು ತನ್ನ ಅಂಗಿಗೆ ಒರೆಸಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಆಡು ಎಂದು ಕೈಬೀಸಿದ.

ಅಡುಗೆಮನೆಯ ಬಾಗಿಲ ಸಂದಿಯಿಂದ ಭಾಗ್ಯಳ ದನಿ ಬಂತು: "ಬಿದ್ದೋನು ಎದ್ನಾ?"

"ಎದ್ದ ಕಣವ್ವ" ಎಂದರು ವಸ್ತಾದರು. ಅವರು ಯಾವಾಗ ಇತ್ತ ತಿರುಗಿದ್ದರೋ ನಾನು ಗಮನಿಸಿರಲಿಲ್ಲ. ಬಾಗಿಲ ಮರದ ಮೇಲೆ ಕೈಯಿಟ್ಟುಕೊಂಡೇ ಟೀವಿಯನ್ನು ನೋಡುತ್ತ ನಿಂತಿದ್ದರು. ಅಲ್ಲಿಂದಲೇ ರಂಜುವನ್ನು ಕೇಳಿದರು, "ಅವತ್ತು ನೀನು ಎಷ್ಟಕ್ಕೆ ಎದ್ದೆ?"

"ಐದಕ್ಕೇ ಎದ್ದೆ, ತಾತ" ಎಂದಳು ರಂಜು, ಟೀವಿಯಿಂದ ಕಣ್ಣು ತೆಗೆಯದೆ. "ನೀನಿನ್ನೂ ಬಾಗಿಲು ದಾಟಿರ್ಲಿಲ್ಲ. ನಿನ್ನ ಬೆನ್ನು ಕಾಣಿಸ್ತಿತ್ತು."

ವಸ್ತಾದರು ಬಂದು ಕುಳಿತರು. ಮಂಡಿ ನೋವು ನನಗೋ ಅವರಿಗೋ ಎಂಬಷ್ಟು ನಿಧಾನವಾಗಿ ಕುಳಿತರು.

ಪಂದ್ಯ ಹನ್ನೆರಡನೆಯ ಸುತ್ತಿನ ಕೊನೆಯವರೆಗೂ ನಡೆಯಿತು. ಪಟ್ಟದವನು ಮತ್ತೆ ಬೀಳಲಿಲ್ಲ, ಆದರೆ ಕೈಬಿಟ್ಟುಹೋದ ಸುತ್ತುಗಳನ್ನು ಮರಳಿ ಪಡೆಯಲೂ ಅವನಿಂದಾಗಲಿಲ್ಲ. ಮೂವರು ತೀರ್ಪುಗಾರರೂ ಕುಳ್ಳನ ಪರವಾಗಿ ತೀರ್ಪು ಕೊಟ್ಟರು. ಸ್ಟೂಲಿನಿಂದ ಏಳುವುದನ್ನು ನೋಡಿ ವಸ್ತಾದರು ಹೇಳಿದ ಭವಿಷ್ಯ ಅಕ್ಷರಶಃ ನಿಜವಾಯಿತು. ರಂಜು ಟೀವಿ ಆರಿಸಿದಳು. ಒಳಗೆ ಹೋಗಿ, ಕೈಗೆ ಸುತ್ತಿಕೊಳ್ಳುವ ತನ್ನ ಉದ್ದನೆಯ ಪಟ್ಟಿಗಳೆರಡನ್ನೂ ನೀಟಾಗಿ ಸುರುಳಿ ಸುತ್ತಿ ತಂದು ತಾತನ ಮಡಿಲಲ್ಲಿಟ್ಟಳು. "ನೀನು ಗೆದ್ದೆ" ಎಂದಳು. ನನಗೆ ಕಣ್ಣು ತುಂಬಿ ಬಂದು, ಡೈರಿಯಲ್ಲಿ ಏನೋ ಹುಡುಕುವವನಂತೆ ತಲೆ ತಗ್ಗಿಸಿದೆ.

ವಸ್ತಾದರು ಆ ಸುರುಳಿಗಳನ್ನು ಸ್ವಲ್ಪ ಹೊತ್ತು ಕೈಯಲ್ಲಿ ತೂಗಿದರು. ಆಮೇಲೆ ಎದ್ದು, ತಲೆ ಬಗ್ಗಿಸಿ ಗರಡಿಯೊಳಗೆ ಹೋದರು. ಬಂದಾಗ ಅವರ ಬಲಗೈಯ ಮೂರು ಬೆರಳುಗಳ ನಡುವೆ ಕೆಮ್ಮಣ್ಣಿತ್ತು.

"ಮೇಷ್ಟ್ರೇ, ನಿಮ್ಮ ಪುಸ್ತಕದಲ್ಲಿ ಬರ್ದಿರೋದು ಅಂಗೇ ಇರ್ಲಿ" ಎಂದರು. "ಗೆಲ್ಲೋನ್ನ ನಾ ಸರಿಯಾಗೇ ಏಳ್ದೆ. ಏಳೋನ್ನ ಏಳ್ನಿಲ್ಲ."

ಹಕಾರವಿಲ್ಲದ ಆ ಬಾಯಲ್ಲಿ ಎರಡು ಮಾತುಗಳು ಒಂದಾಗಿ ಹೋಗಿದ್ದವು. ಗೆಲ್ಲುವವನನ್ನು ಹೇಳಿದೆ, ಏಳುವವನನ್ನು ಹೇಳಲಿಲ್ಲ ಎಂದು ತಿದ್ದಿ ಬರೆಯುವುದು ನನಗೆ ಕಷ್ಟವಲ್ಲ. ಆದರೆ ತಿದ್ದಿದರೆ ಅದು ಆ ಮಾತಾಗಿ ಉಳಿಯುವುದಿಲ್ಲ. ಕರಡಿನಲ್ಲಿ ಒಂದು ಪದವನ್ನು ತಪ್ಪೆಂದು ಹೊಡೆದುಹಾಕಿ, ಆಮೇಲೆ ಅದೇ ಸರಿಯೆಂದು ಹೊಳೆದರೆ, ನಾನು ಅದರ ಕೆಳಗೆ ಚುಕ್ಕೆಗಳನ್ನಿಟ್ಟು ಅಂಚಿನಲ್ಲಿ 'ಇರಲಿ' ಎಂದು ಬರೆಯುತ್ತಿದ್ದೆ. ನನ್ನ ಕಸುಬಿನಲ್ಲಿ ಬಿದ್ದದ್ದನ್ನು ಎತ್ತಿ ನಿಲ್ಲಿಸಲು ಇದ್ದ ಉಪಾಯ ಅದೊಂದೇ. ವಸ್ತಾದರು ರಂಜುವಿನ ಹಣೆಗೆ ಮಣ್ಣನ್ನಿಟ್ಟಾಗ ನನಗೆ ಆ ಚುಕ್ಕೆಗಳು ನೆನಪಾದವು.

"ಯಾವತ್ತು ಓಗ್ಬೇಕು?" ಎಂದು ಕೇಳಿದರು.

"ಬುಧವಾರ ಹೊರಡ್ಬೇಕು, ಗುರುವಾರ ಪಂದ್ಯ."

"ನಾನೂ ಬತ್ತೀನಿ. ಈ ಸಲ ಕೊನೇಗಂಟ ಕೂತಿರ್ತೀನಿ, ಮಗ."

ನನ್ನ ಡೈರಿಯ ಎರಡು ಭವಿಷ್ಯಗಳೂ ಸುಳ್ಳಾಗಿದ್ದವು. ಯಾರಿಗೂ ತೋರಿಸದ ಪುಟಗಳ ಸಾಲಿಗೆ ಅದೂ ಸೇರಬೇಕಿತ್ತು; ಆದರೆ ಈಗ ನಿಮಗೇ ತೋರಿಸುತ್ತಿದ್ದೇನೆ. ಯಾರು ಗೆಲ್ಲುತ್ತಾರೆಂದು ಹೇಳುವುದು ಕಷ್ಟದ ವಿದ್ಯೆಯೇ ಇರಬಹುದು, ವಸ್ತಾದರಂಥವರಿಗೆ ಅದು ಸಿದ್ಧಿಸಿದೆ. ಬಿದ್ದವರಲ್ಲಿ ಯಾರು ಏಳುತ್ತಾರೆಂದು ಹೇಳಬಲ್ಲವರನ್ನು ಮಾತ್ರ ನಾನು ಕಂಡಿಲ್ಲ. ಅದನ್ನು ನಿಂತು ನೋಡಬೇಕು, ಕಡೇ ಪಕ್ಷ ಹತ್ತು ಎಣಿಸುವವರೆಗಾದರೂ.

ಇವತ್ತು ಗುರುವಾರ. ತಾತ ಮೊಮ್ಮಗಳು ನಿನ್ನೆಯೇ ಹಾಸನ ಸೇರಿದ್ದಾರೆ. ರಂಜು ಗೆಲ್ಲುತ್ತಾಳೋ ಇಲ್ಲವೋ ನಾನು ಹೇಳಿಲ್ಲ, ಬರೆದೂ ಇಲ್ಲ. ಬೆಳಿಗ್ಗೆ ಎಂದಿನಂತೆ ನನ್ನ ಗಿಡ್ಡ ಸ್ಟೂಲಿನ ಮೇಲೆ ಕುಳಿತು ಮಲ್ಲಿಗೆಗೆ ನೀರು ಹಾಕಿದೆ. ಏಳುವ ಹೊತ್ತಾಯಿತು. ಲೋಟವನ್ನು ಬದಿಗಿಟ್ಟೆ. ಬಾಗಿಲ ಚೌಕಟ್ಟಿನತ್ತ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಮೊಣಕಾಲ ಮೇಲಿರಿಸಿ, ಮನಸ್ಸಿನಲ್ಲೇ ಎಣಿಸತೊಡಗಿದೆ. ಒಂದು, ಎರಡು, ಮೂರು.

ಹಪ್ಪಳದ ಸದ್ದು ಇನ್ನೂ ಕೇಳಿಸದ್ದರಿಂದ ಹೆಂಡತಿ ಅಡುಗೆಮನೆಯಿಂದ, "ಎದ್ರಾ?" ಎಂದಳು.

"ಇಲ್ಲ ಕಣೇ, ಇನ್ನೂ ಆರು" ಎಂದೆ.

"ಆರೆಲ್ಲಿ ಬಂತು, ಆಗಲೇ ಆರೂವರೆ ಆಯ್ತು" ಎಂದಳು. "ಏಳಿ."

ಎದ್ದೆ.